ಮನೆಯವರಿಗೆ ಒಂದು ಮಾರ್ಕು ಕಡಿಮೆ

ನಮ್ಮ ದರದ ಲಕೋಟೆಯನ್ನು ಒಡೆಯದೆಯೇ ವಾಪಸು ಕೊಟ್ಟರು. ಅರಗಿನ ಮುದ್ರೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಗುಮಾಸ್ತ ಅದನ್ನು ನನ್ನ ಮುಂದಿಟ್ಟು, "ನೋಡ್ಕೊಳ್ಳಿ ಮೇಡಂ, ಯಾರೂ ಮುಟ್ಟಿಲ್ಲ" ಎಂದ, ದೊಡ್ಡ ಉಪಕಾರ ಮಾಡಿದವನ ಹಾಗೆ. ಮುಟ್ಟಲಿ ಅಂತಲೇ ಅಲ್ಲವೇನಪ್ಪ ತಂದುಕೊಟ್ಟಿದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಸಹಿ ಹಾಕಿದೆ.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಸರ್ಕಾರ ತನ್ನ ಉಪಗ್ರಹವನ್ನು ಕಕ್ಷೆಗೆ ಏರಿಸಲು ರಾಕೆಟ್ಟಿನವರನ್ನು ಕರೆದಾಗ ಪ್ರತಿಯೊಬ್ಬರೂ ಎರಡು ಲಕೋಟೆ ಕೊಡಬೇಕು. ಒಂದರಲ್ಲಿ ರಾಕೆಟ್ಟಿನ ಜಾತಕ: ಎಷ್ಟು ಭಾರ ಹೊರುತ್ತದೆ, ಹಾರುವಾಗ ಎಷ್ಟು ಅದುರುತ್ತದೆ, ಹಿಂದೆ ಎಷ್ಟು ಸಲ ಹಾರಿದೆ, ಎಷ್ಟು ಸಲ ಸಿಡಿದು ಮಾನ ಕಳೆದಿದೆ. ಇನ್ನೊಂದರಲ್ಲಿ ದರ. ಮೊದಲನೆಯದನ್ನು ನೋಡಿ ಐದು ಜನರ ಸಮಿತಿ ಮಾರ್ಕು ಹಾಕುತ್ತದೆ. ನೂರಕ್ಕೆ ಎಪ್ಪತ್ತು ಬಂದವರ ದರದ ಲಕೋಟೆಯನ್ನು ಮಾತ್ರ ಒಡೆಯುತ್ತಾರೆ. ನಮಗೆ ಬಂದದ್ದು ಅರವತ್ತೊಂಬತ್ತು.

ಕಣದಲ್ಲಿದ್ದವರು ಇಬ್ಬರೇ. ಒಬ್ಬರು ನಾವು. ಇನ್ನೊಬ್ಬರು ದೊಡ್ಡಮನೆಯವರು. ಕಂಪನಿಯ ಹೆಸರು ಬೇರೆಯೇ ಇದೆ. ಆದರೆ ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಸರ್ಕಾರದ ಉಪಗ್ರಹಗಳನ್ನೆಲ್ಲ ಅವರೇ ಹಾರಿಸುತ್ತ ಬಂದದ್ದರಿಂದ ನಮ್ಮ ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ದೊಡ್ಡಮನೆ. ನಮ್ಮನ್ನು ಹೊರಗೆ ಕಳಿಸಿದ ಮೇಲೆ ಒಡೆಯುವುದಕ್ಕೆ ಅವರದೊಂದೇ ಲಕೋಟೆ ಉಳಿಯಿತು. ಒಬ್ಬರೇ ಓಡಿದರು, ಮೊದಲಿಗರಾಗಿ ಬಂದರು. ಅದಕ್ಕೆ ಕಾಗದದಲ್ಲಿ ಮುಕ್ತ ಸ್ಪರ್ಧೆ ಎಂದು ಹೆಸರು.

ಸೋತವರಿಗೆ ಕಾರಣ ಓದಿ ಹೇಳುವ ಸಭೆ ಅದು. ಉದ್ದ ಮೇಜಿನ ಆಚೆ ಸಮಿತಿ, ಈಚೆ ನಾನು ಮತ್ತು ಧಣಿ. ಧಣಿ ಎಂದರೆ ನಮ್ಮ ಕಂಪನಿಯ ಮಾಲೀಕ. ಮಾಲೀಕನಾದರೂ ಅಂಗಿಯ ತೋಳು ಮಡಚಿ ರಾಕೆಟ್ಟಿನ ಕೆಳಗೆ ಅಂಗಾತ ಮಲಗಿರುತ್ತಾನೆ, ಊಟದ ಹೊತ್ತಿಗೆ ಯಾರ ಡಬ್ಬಿ ತೆರೆದಿದೆಯೋ ಅಲ್ಲಿಗೆ ಹಾಜರಾಗುತ್ತಾನೆ. ಅದಕ್ಕೇ ತಮಾಷೆಗೆ ಧಣಿ ಎಂದು ಕರೆಯಲು ಶುರುಮಾಡಿ ಅದೇ ಅಂಟಿಕೊಂಡಿತು. ಅವತ್ತು ಆತ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಈ ಗುತ್ತಿಗೆ ಸಿಗದಿದ್ದರೆ ಶೆಡ್ಡಿಗೆ ಬೀಗ ಎನ್ನುವುದು ನಮ್ಮಿಬ್ಬರಿಗೆ ಮಾತ್ರವಲ್ಲ, ಶೆಡ್ಡಿನ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಸಮಿತಿಯ ಒಬ್ಬೊಬ್ಬರಿಗೆ ಒಂದೊಂದು ವಿಷಯ. ಕಂಪನದ ವಿಷಯ, ಅಂದರೆ ರಾಕೆಟ್ಟು ಹಾರುವಾಗ ಒಳಗಿರುವ ಉಪಗ್ರಹ ಎಷ್ಟು ಅದುರೀತು ಎನ್ನುವ ಲೆಕ್ಕ, ಬಲತುದಿಯಲ್ಲಿ ಕೂತಿದ್ದವರದು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಕಂಪನ. ಹತ್ತಕ್ಕೆ ಆರು. ಮಾಹಿತಿ ತೃಪ್ತಿಕರ. ಆದರೆ ಹಾರಾಟದ ಅನುಭವ ಸಾಲದು."

"ನಾವು ಎರಡು ಸಲ ಹಾರ್ಸಿದ್ದೀವಿ ಸಾರ್. ಎರಡರ ಅಳತೇನೂ ಕೊಟ್ಟಿದ್ದೀವಿ. ದೊಡ್ಡ... ಆ ಕಂಪನಿಯವರಿಗಿಂತ ನಮ್ಮದು ಕಮ್ಮಿ ಅದುರುತ್ತೆ" ಎಂದ ಧಣಿ.

"ಎರಡು ಸಾಲದು ಅನ್ನಿಸ್ತು."

"ಎಷ್ಟಿರಬೇಕು ಅಂತ ಟೆಂಡರಲ್ಲಿ ಬರ್ದಿಲ್ವಲ್ಲ ಸಾರ್?"

"ಬರ್ದಿಲ್ಲ. ಪರಿಣತರ ವಿವೇಚನೆ." ಅಷ್ಟು ಹೇಳಿ ಅವರು ನನ್ನ ಕಡೆ ತಿರುಗಿದರು, ಆದರೆ ನನ್ನ ಮುಖ ನೋಡಲಿಲ್ಲ, ನನ್ನ ಹಿಂದಿನ ಗೋಡೆ ನೋಡಿದರು. "ಮೇಡಂ ಅವ್ರಿಗೆ ಏನಾದ್ರೂ ಕೇಳೋದಿದೆಯಾ?"

ಮೇಡಂ ಅವರಿಗೆ ಕೇಳುವುದು ಬೇಕಾದಷ್ಟಿತ್ತು. ಆ ಬಲತುದಿಯಲ್ಲಿ ಕೂತಿದ್ದವನು ನನ್ನ ಒಡಹುಟ್ಟಿದ ಅಣ್ಣ. ನನಗೆ ಸೈಕಲ್ ಕಲಿಸಿದವನು, ನನ್ನ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು. ಹುಟ್ಟಿದಾಗಿನಿಂದ ಅವತ್ತಿನವರೆಗೆ ನನ್ನನ್ನು ಮೇಡಂ ಎಂದಿರಲಿಲ್ಲ.

"ಏನಿಲ್ಲ" ಎಂದೆ.

ನಮ್ಮ ಮನೆಯ ಒಂದು ಪದ್ಧತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಗಣಿತದ ಮೇಷ್ಟ್ರು. ನಾನು, ಅಣ್ಣ ಇಬ್ಬರೂ ಅವರದೇ ಶಾಲೆಯಲ್ಲಿ ಓದಿದವರು. ನಮ್ಮ ಉತ್ತರ ಪತ್ರಿಕೆಗಳನ್ನೂ ಅವರೇ ತಿದ್ದಬೇಕು. ತಿದ್ದಿ, ಕೂಡಿ, ಆಮೇಲೆ ಒಂದು ಮಾರ್ಕು ಕಳೆಯುತ್ತಿದ್ದರು. ತಪ್ಪಿಗಲ್ಲ. ಅವರ ಮಕ್ಕಳು ಎನ್ನುವುದಕ್ಕೆ. "ನಾಳೆ ಯಾರೂ ಬೆರಳು ತೋರಿಸಬಾರದು ನೋಡಿ" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಬಂದವರು ತಲೆದೂಗುತ್ತಿದ್ದರು. ಒಂದು ವರ್ಷ ಗಣಿತದ ಬಹುಮಾನ ನನಗೆ ಆ ಒಂದು ಮಾರ್ಕಿನಲ್ಲಿ ತಪ್ಪಿ ಹೆಡ್‌ಮಾಸ್ಟರ ಮಗಳಿಗೆ ಹೋಯಿತು. ಅವಳು ವೇದಿಕೆ ಹತ್ತಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಅಪ್ಪ. ಅಮ್ಮ ಮಾತ್ರ ತಟ್ಟಲಿಲ್ಲ. ಸಂಜೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಎತ್ತಿಟ್ಟಳು, ಅಷ್ಟೇ.

ಅಣ್ಣ ಆ ಪದ್ಧತಿಯನ್ನು ಅಪ್ಪನಿಗಿಂತ ಶ್ರದ್ಧೆಯಿಂದ ಮುಂದುವರಿಸಿದ. ಅವನ ಕಚೇರಿಯಲ್ಲಿ ಅವನಿಗೆ ತಕ್ಕಡಿ ಎಂದೇ ಅಡ್ಡಹೆಸರು. ಕೇರಂ ಆಡುವಾಗಲೂ ಅನುಮಾನ ಬಂದರೆ ತಪ್ಪು ನನ್ನದೇ ಎಂದು ತೀರ್ಪು ಕೊಡುತ್ತಿದ್ದವನು ಅವನು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನು ಎಂಬಲ್ಲಿಗೇ ಬರುತ್ತೇನೆ.

ಟೆಂಡರು ಕರೆದ ಮೇಲೆ ಸಮಿತಿಯ ಹೆಸರುಗಳನ್ನು ಇಲಾಖೆ ಎರಡೂ ಕಂಪನಿಗಳಿಗೆ ಕಳಿಸಿತು. ಕಂಪನದ ಪರಿಣತರ ತಂಗಿ ಬಿಡ್‌ದಾರರ ಕಂಪನಿಯೊಂದರಲ್ಲಿದ್ದಾರೆ, ಇದನ್ನು ಅವರೇ ತಿಳಿಸಿದ್ದಾರೆ, ನಿಮ್ಮ ಆಕ್ಷೇಪಣೆ ಇದ್ದರೆ ಹೇಳಿ ಎಂದು ಕೇಳಿತ್ತು. ನಮ್ಮ ಕಡೆಯಿಂದ ಟೆಂಡರಿನ ಕಾಗದಪತ್ರಗಳೆಲ್ಲ ನನ್ನ ಜವಾಬ್ದಾರಿ. ಧಣಿ ರಾಕೆಟ್ಟಿನ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ ಕೇಳಿದ್ದ, "ನಿಮ್ಮಣ್ಣ ಇದ್ದಾರಲ್ಲ. ಪರವಾಗಿಲ್ವಾ?"

"ಆಕ್ಷೇಪಣೆ ಹಾಕಬೇಕಾದವ್ರು ದೊಡ್ಡಮನೆಯವ್ರು. ನಾವ್ಯಾಕೆ ಹಾಕೋಣ?" ಎಂದು ನಕ್ಕಿದ್ದೆ. ಅವನೂ ನಕ್ಕ. ಆಕ್ಷೇಪಣೆ ಇಲ್ಲ ಎಂಬಲ್ಲಿ ಸಹಿ ಹಾಕಿ ಕಳಿಸಿದೆ.

ದೊಡ್ಡಮನೆಯವರೂ ಆಕ್ಷೇಪಣೆ ಇಲ್ಲ ಎಂದರು. ಇಲಾಖೆಯ ಕಾರಿಡಾರಿನಲ್ಲಿ ನೀರು ಕುಡಿಯುವಾಗ ಅವರ ಟೆಂಡರು ನೋಡಿಕೊಳ್ಳುವ ಬೊಜ್ಜಿನ ಮನುಷ್ಯ ಸಿಕ್ಕಿ, "ನಿಮ್ಮಣ್ಣನ ಮೇಲೆ ನಮಗೆ ಪೂರ್ತಿ ನಂಬಿಕೆ ಮೇಡಂ" ಎಂದು ಕಣ್ಣು ಸಣ್ಣಗೆ ಮಾಡಿದ್ದ. ಅದನ್ನು ಸೌಜನ್ಯ ಎಂದುಕೊಂಡೆ. ಎಂಥ ದಡ್ಡಿ ನಾನು! ವರ್ಷಗಟ್ಟಲೆ ಅಣ್ಣನ ಜೊತೆ ವ್ಯವಹರಿಸಿದವರು ಅವರು. ಒಂದೇ ತಟ್ಟೆಯಲ್ಲಿ ಉಂಡ ನನಗಿಂತ ಚೆನ್ನಾಗಿ ಅವನನ್ನು ಅಳೆದುಕೊಂಡಿದ್ದರು.

ಸಭೆ ಮುಗಿಸಿಕೊಂಡು ಶೆಡ್ಡಿಗೆ ಬಂದೆವು. ಹಿಂದೆ ಬಸ್ಸುಗಳಿಗೆ ಮೈ ಕಟ್ಟುತ್ತಿದ್ದ ಜಾಗ ಅದು. ಇನ್ನೂ ಒಂದು ಮೂಲೆಯಲ್ಲಿ ಬಸ್ಸಿನ ಬಣ್ಣದ ಕಲೆಗಳಿವೆ. ರಾಕೆಟ್ಟಿನ ಎರಡನೇ ಹಂತ ಟ್ರಾಲಿಯ ಮೇಲೆ ಮಲಗಿತ್ತು. ಎಲ್ಲರೂ ಕೆಲಸ ನಿಲ್ಲಿಸಿ ನಮ್ಮನ್ನು ನೋಡಿದರು. ಧಣಿ ಒಡೆಯದ ಲಕೋಟೆಯನ್ನು ಬೆಂಚಿನ ಮೇಲಿಟ್ಟ. ನಮ್ಮ ವೆಲ್ಡಿಂಗ್ ಹೆಂಗಸು, ಎಲ್ಲರೂ ವೆಲ್ಡರಕ್ಕ ಎನ್ನುವವಳು, ನನಗೊಂದು ಲೋಟ ಟೀ ತಂದುಕೊಟ್ಟಳು. ಬೈದಿದ್ದರೆ ಎದುರು ಬೈಯಬಹುದಿತ್ತು. ಟೀಗೆ ಏನು ಹೇಳುವುದು?

ಗೋಡೆಯ ಮೇಲೆ ನಮ್ಮ ಬಟ್ಟೆಯ ಬ್ಯಾನರು ನೇತಾಡುತ್ತಿತ್ತು. ಸರ್ಕಾರದ ಗುತ್ತಿಗೆಗಳು ಯಾವಾಗಲೂ ದೊಡ್ಡಮನೆಗೇ ಹೋಗುತ್ತವೆ ಎಂದು ಇಲಾಖೆಯ ಮುಂದೆ ಬಿಸಿಲಲ್ಲಿ ನಿಂತು ಕೂಗಿದಾಗ ಹಿಡಿದದ್ದು. "ಎಲ್ಲರಿಗೂ ಒಂದೇ ಗೆರೆ" ಎಂದು ಕೆಂಪಕ್ಷರ. ಬರೆದವಳು ನಾನೇ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡವಳೂ ನಾನೇ. ಅವತ್ತು ನನಗೆ ಅದರ ಕಡೆ ತಲೆಯೆತ್ತಿ ನೋಡಲು ಆಗಲಿಲ್ಲ.

"ಆಕ್ಷೇಪಣೆ ಸಲ್ಲಿಸೋಕೆ ಇನ್ನೂ ಅವಕಾಶ ಇದೆ" ಎಂದ ಧಣಿ, ಕೊನೆಗೆ. "ಆದ್ರೆ ಕಾರಣ ಬೇಕು. ಆರು ಯಾಕೆ ಬಂತು ಅಂತ ಗೊತ್ತಾಗ್ಬೇಕು."

"ಗೊತ್ತು ಮಾಡ್ಕೊಂಡು ಬರ್ತೀನಿ" ಎಂದೆ.

ಭಾನುವಾರ ಅಣ್ಣ ಅಪ್ಪನ ಮನೆಗೆ ಬಂದೇ ಬರುತ್ತಾನೆ. ನಾನು ಒಳಗೆ ಕಾಲಿಡುವಷ್ಟರಲ್ಲಿ ಅಪ್ಪನ ದನಿ ಬಾಗಿಲಿಗೇ ಕೇಳುತ್ತಿತ್ತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರನ್ನು ಕೂರಿಸಿಕೊಂಡಿದ್ದರು. "ಸ್ವಂತ ತಂಗಿ ಕಂಪನೀರೀ! ಬಿಟ್ಟನಾ? ಬಿಡ್ಲಿಲ್ಲ. ಹೊರಗೆ ಹಾಕ್ದ. ಇಂಥೋರು ಎಲ್ಲಿದ್ದಾರೆ ಹೇಳಿ ಈಗ?" ನನ್ನನ್ನು ನೋಡಿದ ಮೇಲೂ ಅವರ ಮುಖದ ಬೆಳಕು ಕಡಿಮೆಯಾಗಲಿಲ್ಲ. "ಬಾಮ್ಮಾ. ನಿಂಗೆ ಬೇಜಾರಾಗಿರುತ್ತೆ. ಆದ್ರೆ ಒಳಗೊಳಗೆ ಹೆಮ್ಮೆ ಆಗಿರ್ಬೇಕಲ್ವಾ?"

ಪೋಸ್ಟ್‌ಮಾಸ್ಟರು ತಲೆದೂಗಿದರು. ನಾನು ಹಲ್ಲುಕಚ್ಚಿ ಒಳಗೆ ಹೋದೆ. ಅಡುಗೆಮನೆಯಲ್ಲಿ ಅಮ್ಮ ನನಗೆ ಮಾತ್ರ ಕೇಳುವ ಹಾಗೆ, "ಇವ್ರು ಕಳೀತಾನೇ ಇರ್ತಾರೆ. ಕಳೆದದ್ದು ಎಲ್ಲಿ ಹೋಗುತ್ತೆ ಅಂತ ಒಂದು ದಿನಾನೂ ನೋಡ್ಲಿಲ್ಲ" ಎಂದಳು. ಆಮೇಲೆ ಗಲ್ಲದಿಂದ ಮಹಡಿಯ ಕಡೆ ತೋರಿಸಿದಳು.

ಅಣ್ಣ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಯಾರೂ ಹೇಳದ ಕೆಲಸ. ನನ್ನನ್ನು ನೋಡಿ ಒಂದು ದುಪ್ಪಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಒಂದೇ ಕೇಳ್ತೀನಿ. ನಾನು ನಿನ್ ತಂಗಿ ಆಗಿಲ್ದೇ ಇದ್ದಿದ್ರೆ ಎಷ್ಟು ಹಾಕ್ತಿದ್ದೆ?"

ಅವನು ದುಪ್ಪಟಿಯನ್ನು ಎದೆಗೆ ಅವುಚಿಕೊಂಡು ನಿಂತ. ಸುಳ್ಳು ಹೇಳಲು ಬಾರದವನಿಗೆ ಉತ್ತರ ಹೇಳುವುದಕ್ಕೂ ತುಂಬ ಹೊತ್ತು ಬೇಕು.

"ಎಂಟು" ಎಂದ.

ರಕ್ತ ತಲೆಗೇರಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಒಳ್ಳೆಯ ಹೆಸರು ಕಾಪಾಡಿಕೊಳ್ಳಲು ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿದೆ ಎಂದೆ, ನಿನ್ನ ಪ್ರಾಮಾಣಿಕತೆಯನ್ನು ಉಪ್ಪಿನಕಾಯಿ ಹಾಕಿಕೋ ಎಂದೆ, ಲಂಚ ತಿನ್ನುವವನಾದರೂ ನಿನಗಿಂತ ವಾಸಿ, ಅವನಿಗೆ ತಾನು ಕಳ್ಳ ಎಂದಾದರೂ ಗೊತ್ತಿರುತ್ತದೆ ಎಂದೆ. ಅವನು ಎಲ್ಲದಕ್ಕೂ ತಲೆ ತಗ್ಗಿಸಿ ನಿಂತಿದ್ದ. ಕೆಳಗೆ ಅಪ್ಪನ ನಗು ಕೇಳುತ್ತಿತ್ತು.

"ನೀನು ಹೇಳೋದು ಸರಿ" ಎಂದ ಕೊನೆಗೆ. "ನಾನು ನಾಳೆ ಸಮಿತಿ ಅಧ್ಯಕ್ಷೆ ಹತ್ರ ಹೋಗಿ ಹೇಳ್ತೀನಿ. ಎಂಟು ಅಂದ್ಕೊಂಡಿದ್ದೆ, ಆರು ಹಾಕ್ದೆ ಅಂತ ಬರ್ದು ಕೊಡ್ತೀನಿ. ಆದ್ರೆ ನಿಂಗೊಂದು ಹೇಳ್ಲಾ?"

"ಹೇಳು. ಇನ್ನೇನು ಉಳಿದಿದೆ?"

"ಆ ಎರಡೂ ಅಪ್ಪನ ಪದ್ಧತೀಲಿ ಹೋಗಿದ್ದಲ್ಲ. ಒಂದು ಮಾತ್ರ ಅದ್ರಲ್ಲಿ ಹೋಯ್ತು."

"ಇನ್ನೊಂದು?"

ಅವನು ಮೊದಲ ಸಲ ನನ್ನ ಮುಖ ನೋಡಿದ. "ನನ್ನನ್ನ ಸಮಿತೀಲಿ ಬೇಡ ಅಂತ ನೀನು ಬರೀತೀಯ ಅಂತ ಕಾಯ್ತಿದ್ದೆ. ನಾನೇ ಬಿಟ್ಟು ಬರ್ಬಹುದಿತ್ತು. ನಿಮ್ಮನ್ನ ಯಾರು ಅನುಮಾನಿಸ್ತಾರೆ ಅಂತ ಅಧ್ಯಕ್ಷೆ ಅಂದಾಗ ಉಬ್ಬಿಹೋದೆ, ಅದು ನನ್ನ ತಪ್ಪು. ಆದ್ರೆ ನೀನಂತೂ ಬರೀತೀಯ ಅಂದ್ಕೊಂಡಿದ್ದೆ. ಎಲ್ಲರಿಗೂ ಒಂದೇ ಗೆರೆ ಅಂತ ಬೀದೀಲಿ ನಿಂತ್ಕೊಂಡು ಕೂಗಿದೋಳು ನೀನು. ಆಕ್ಷೇಪಣೆ ಇಲ್ಲ ಅಂತ ನಿನ್ ಸಹಿ ಬಂತು. ನೋಡಿದ ತಕ್ಷಣ ಅರ್ಥ ಆಯ್ತು, ನೀನು ನನ್ನಿಂದ ಏನು ಕಾಯ್ತಿದ್ದೀಯ ಅಂತ. ಹೊಟ್ಟೆ ಉರೀತು. ಇನ್ನೊಂದು ಆ ಸಿಟ್ಟಿಗೆ ಹೋಯ್ತು."

ಸಹಿ ಹಾಕುವಾಗ ಮನಸ್ಸಿನ ಮೂಲೆಯಲ್ಲಿ ಏನಿತ್ತು ಎನ್ನುವುದು ನನಗೆ ಗೊತ್ತಿತ್ತು. ಅಣ್ಣ ಇದ್ದಾನೆ. ಅವನನ್ನು ನಾನೇನೂ ಕೇಳುವುದಿಲ್ಲ, ಕೇಳಬಾರದು. ಆದರೂ ನಮ್ಮವನೊಬ್ಬ ಒಳಗಿದ್ದರೆ ಒಂದು ಧೈರ್ಯ. ಅನುಮಾನ ಬಂದ ಕಡೆ ಒಂದು ಕೂದಲೆಳೆಯಷ್ಟು ನಮ್ಮ ಕಡೆ ವಾಲಿಯಾನು. ಕೇರಂ ಬೋರ್ಡಿನ ಮುಂದೆ ಬಾಲ್ಯವೆಲ್ಲ ಕಳೆದಿದ್ದರೂ ಹಾಗೆ ಎಣಿಸಿದ್ದೆ. ಆಸೆಗೆ ನೆನಪು ಎಂಬುದಿಲ್ಲ.

ಕೂಡಿ ಕಳೆಯುವುದು ಬೇಡವೆಂದರೂ ಮೇಷ್ಟ್ರ ಮಗಳ ತಲೆ ಅದನ್ನೇ ಮಾಡಿತು. ಅಪ್ಪನ ಒಂದು ಮಾರ್ಕು ಹೋಗಿದ್ದರೂ ಏಳು ಉಳಿಯುತ್ತಿತ್ತು. ಏಳು ಉಳಿದಿದ್ದರೆ ಒಟ್ಟು ಎಪ್ಪತ್ತು. ನಮ್ಮ ಲಕೋಟೆ ಒಡೆಯುತ್ತಿತ್ತು. ನಮ್ಮನ್ನು ಮುಳುಗಿಸಿದ್ದು ಅಪ್ಪನ ಮಾರ್ಕಲ್ಲ. ನನ್ನದು.

"ತಿಂಡಿ ಆಯ್ತು, ಬನ್ರೋ!" ಎಂದು ಅಮ್ಮ ಕೆಳಗಿನಿಂದ ಕೂಗಿದಳು. ನಾನು ಬಟ್ಟೆಯ ಬುಟ್ಟಿ ಎತ್ತಿಕೊಂಡೆ. ಅಣ್ಣ ಇನ್ನೊಂದು ಹಿಡಿ ಹಿಡಿದುಕೊಂಡ. ಇಬ್ಬರೂ ಮೆಟ್ಟಿಲಿಳಿದೆವು. ಅಪ್ಪ ನಮ್ಮನ್ನು ಪೋಸ್ಟ್‌ಮಾಸ್ಟರಿಗೆ ತೋರಿಸಿ, "ನೋಡಿ, ಕೆಲ್ಸ ಬೇರೆ, ಸಂಬಂಧ ಬೇರೆ. ಎಷ್ಟು ಚೆನ್ನಾಗಿದ್ದಾರೆ!" ಎಂದರು. ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು.

ಸೋಮವಾರ ಧಣಿಗೆ ಎಲ್ಲ ಹೇಳಿದೆ. ಮುಚ್ಚಿಡಬಹುದಿತ್ತು. ಎರಡೂ ಮಾರ್ಕನ್ನು ಅಣ್ಣನ ತಲೆಗೇ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು, ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆತನ ಎಣ್ಣೆ ಮೆತ್ತಿದ ಕೈ ನೋಡಿದ ಮೇಲೆ ಆಗಲಿಲ್ಲ.

ಆತ ಹಳೇ ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. "ನಾನ್ಯಾಕೆ ಅವತ್ತು ‘ಪರವಾಗಿಲ್ವಾ’ ಅಂತ ಕೇಳಿ ಸುಮ್ನಾಗ್ಬಿಟ್ಟೆ ಅಂದ್ಕೊಂಡ್ರಿ?" ಎಂದ. "ನೀವು ಬೇಡ ಅಂದುಬಿಟ್ರೆ ಏನ್ಗತಿ ಅಂತ ನಂಗೆ ಭಯ ಆಗಿತ್ತು."

ನಾನು ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದೆ. ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತೆವು, ನಡುವೆ ಆ ಲಕೋಟೆ.

ಅಣ್ಣ ಮಾತು ಉಳಿಸಿಕೊಂಡ. ಆ ವಾರದಲ್ಲೇ ಇಲಾಖೆಯಿಂದ ಧಣಿಗೆ ಕರೆ ಬಂತು, ಹಿಂದೆಯೇ ಒಂದು ಕಾಗದ. ಕಂಪನದ ಪರಿಣತರು ತಮ್ಮ ಮಾರ್ಕು ಸರಿಯಲ್ಲವೆಂದು ಒಪ್ಪಿ ಸಮಿತಿಯಿಂದ ಹೊರಗೆ ಬಂದಿದ್ದಾರೆ. ಆ ಒಂದು ಭಾಗವನ್ನು ಬೇರೆಯವರಿಂದ ತಿದ್ದಿಸಲು ಇಲಾಖೆ ಸಿದ್ಧ. ಮುದ್ರೆ ಹಾಗೆಯೇ ಇರುವ ನಿಮ್ಮ ದರದ ಲಕೋಟೆಯನ್ನು ವಾಪಸು ತನ್ನಿ, ಎಪ್ಪತ್ತು ಬಂದರೆ ಒಡೆಯುತ್ತೇವೆ. ಅದಕ್ಕೂ ಮೊದಲು ನೀವು ಒಂದು ಸಾಲಿಗೆ ಸಹಿ ಹಾಕಿ ತರಬೇಕು: "ಸಮಿತಿಯ ಯಾವ ಸದಸ್ಯರಿಂದಲೂ ನಾವು ಅನುಕೂಲವನ್ನು ಕೇಳಿಲ್ಲ, ನಿರೀಕ್ಷಿಸಿಯೂ ಇಲ್ಲ."

ಧಣಿ ಅದನ್ನು ಶೆಡ್ಡಿನಲ್ಲಿ ಗಟ್ಟಿಯಾಗಿ ಓದಿದ. ಮೊದಲು ಒಂದು ಕೇಕೆ ಎದ್ದಿತು. ದೊಡ್ಡಮನೆಯ ಲಕೋಟೆ ಒಡೆದು ಅವರ ದರ ಹೊರಬಿದ್ದಿದ್ದರಿಂದ ನಮ್ಮದು ಅದಕ್ಕಿಂತ ಕಡಿಮೆ ಎನ್ನುವುದು ಈಗ ಎಲ್ಲರಿಗೂ ಗೊತ್ತಿತ್ತು. ಲಕೋಟೆ ಒಡೆದರೆ ಗುತ್ತಿಗೆ ನಮ್ಮದೇ. ಯಾರೋ ಪೆನ್ನು ತಂದು ನನ್ನ ಕೈಗೆ ಕೊಟ್ಟರು.

ಕೇಳಿಲ್ಲ, ಅದು ನಿಜ. ನಿರೀಕ್ಷಿಸಿಯೂ ಇಲ್ಲ. ಅಲ್ಲಿ ಪೆನ್ನು ನಿಂತಿತು.

"ನಾನು ಇದಕ್ಕೆ ಸಹಿ ಹಾಕೋಕಾಗಲ್ಲ" ಎಂದೆ. ಯಾಕೆ ಎಂದು ಹೇಳಿದೆ, ಎಲ್ಲರ ಮುಂದೆ. ಹೇಳುವಾಗ ಕಿವಿ ಬೆಂಕಿಯಾಗಿತ್ತು.

ಲೆಕ್ಕಪತ್ರದವನು ಹಣೆ ಚಚ್ಚಿಕೊಂಡ. "ಅಲ್ಲ ಮೇಡಂ, ಮನಸ್ಸಲ್ಲಿ ಏನಿತ್ತು ಅಂತ ಯಾರು ಎಕ್ಸ್‌ರೇ ತೆಗೀತಾರೆ? ಹಾಕಿ ಬಿಸಾಕಿ!"

"ಹಾಗಿದ್ರೆ ನೀವೇ ಹಾಕಿ" ಎಂದು ಧಣಿ ಕಾಗದವನ್ನು ಅವನ ಕಡೆ ತಳ್ಳಿದ. "ಕಂಪನಿ ಪರವಾಗಿ ಯಾರು ಹಾಕಿದ್ರೂ ನಡೆಯುತ್ತೆ. ನಾನಂತೂ ಹಾಕೋಹಾಗಿಲ್ಲ. ನಾನೂ ಇವ್ರಣ್ಣನ್ನೇ ನಂಬ್ಕೊಂಡಿದ್ದೆ."

ಲೆಕ್ಕಪತ್ರದವನು ಪೆನ್ನು ತೆಗೆದುಕೊಂಡ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ನಂತರ ಅವನ ಮುಖ ಸಪ್ಪಗಾಯಿತು. ಈ ಗುತ್ತಿಗೆ ಗ್ಯಾರಂಟಿ, ಒಳಗೆ ನಮ್ಮವರಿದ್ದಾರೆ ಎಂದು ಬ್ಯಾಂಕಿನವರಿಗೆ ಹೇಳಿ ಬಂದಿದ್ದವನು ಅವನೇ. ಪೆನ್ನನ್ನು ವೆಲ್ಡರಕ್ಕನ ಕಡೆ ಚಾಚಿದ.

"ನನ್ನ ಕೇಳ್ಬೇಡಿ" ಎಂದು ಅವಳು ಹಿಂದೆ ಸರಿದಳು. "ನಮ್ಮ ಮೇಡಂ ಅಣ್ಣಾನೇ ಮಾರ್ಕ್ ಹಾಕೋದು ಅಂತ ನಮ್ಮತ್ತೆ ಮುಂದೆ ಎಷ್ಟು ಜಂಬ ಕೊಚ್ಕೊಂಡಿದ್ದೀನಿ! ಅವತ್ತು ಟೀ ಕೊಟ್ಟಿದ್ದೂ ಅದಕ್ಕೇ. ನನಗೇ ನಾಚಿಕೆ ಆಗಿತ್ತು."

ಪೆನ್ನು ಕೈಯಿಂದ ಕೈಗೆ ಹೋಯಿತು. ಒಬ್ಬ ಹಲ್ಲುಗಿಂಜಿದ, ಒಬ್ಬ ನೆಲ ನೋಡಿದ, ಒಬ್ಬ ತಾನು ಆಗ ರಜೆಯಲ್ಲಿದ್ದೆ ಎಂದ, ರಜೆಯಲ್ಲಿದ್ದವನೂ ಕೊನೆಗೆ ಸಹಿ ಹಾಕಲಿಲ್ಲ. ಇಡೀ ಶೆಡ್ಡಿನಲ್ಲಿ ಆ ಒಂದು ಸಾಲಿಗೆ ಸಹಿ ಹಾಕಬಲ್ಲವರು ಯಾರೂ ಇರಲಿಲ್ಲ. ಬ್ಯಾನರಿನ ಕೆಳಗೇ ನಿಂತಿದ್ದೆವು ಎಲ್ಲರೂ. ಯಾರೂ ಮೇಲೆ ನೋಡಲಿಲ್ಲ.

ಪೆನ್ನು ತಿರುಗಿ ನನ್ನ ಹತ್ತಿರ ಬಂತು. "ನಿರೀಕ್ಷಿಸಿಯೂ ಇಲ್ಲ" ಎಂಬುದನ್ನು ಹೊಡೆದುಹಾಕಿದೆ. ಮೇಲೆ "ನಿರೀಕ್ಷೆ ಇತ್ತು" ಎಂದು ಬರೆದು ಸಹಿ ಹಾಕಿದೆ. ಲೆಕ್ಕಪತ್ರದವನು ತಲೆಯ ಮೇಲೆ ಕೈಹೊತ್ತು ಕೂತ. ಧಣಿ ನನ್ನ ಹೆಸರಿನ ಕೆಳಗೆ ತನ್ನದನ್ನೂ ಹಾಕಿದ.

ಅಧ್ಯಕ್ಷೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಅಣ್ಣ ಮೊದಲೇ ಕೂತಿದ್ದ. ಅವನನ್ನೂ ಕರೆಸಿದ್ದರು. ನನ್ನನ್ನು ನೋಡಿ ಸರಿದು ಜಾಗ ಬಿಟ್ಟ.

"ಅಪ್ಪಂಗೆ ಹೇಳ್ದೆ" ಎಂದ.

"ಏನಂದ್ರು?"

"ಸಂಜೆ ಅಮ್ಮನ್ನ ಕೇಳಿದ್ರಂತೆ, ಆ ವರ್ಷ ಗಣಿತದ ಬಹುಮಾನ ಯಾರಿಗೆ ಬಂತು ಅಂತ." ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒಯ್ದ, ಆಮೇಲೆ ಒರೆಸದೆ ಹಾಗೆಯೇ ಹಾಕಿಕೊಂಡ.

ಒಳಗೆ ಕರೆದರು. ಅಧ್ಯಕ್ಷೆ ಎಂದರೆ ಅವತ್ತಿನ ಸಭೆಯಲ್ಲಿ ಮೇಜಿನ ನಡುವೆ ಕೂತಿದ್ದ ನರೆಗೂದಲಿನ ಸಣ್ಣ ಹೆಂಗಸು. ಮೇಜಿನ ಮೇಲೆ ಎರಡು ಕಾಗದ ಇಟ್ಟುಕೊಂಡಿದ್ದರು, ಅವನದು ಮತ್ತು ನನ್ನದು. ನಾನು ಹೊಡೆದುಹಾಕಿದ ಸಾಲನ್ನು ಬೆರಳಿಟ್ಟು ಓದಿದರು.

"ಇದನ್ನ ಹೀಗೆ ಬರ್ಕೊಂಡು ಬಂದ್ರೆ ಮರು ಮೌಲ್ಯಮಾಪನ ಮಾಡೋಹಾಗಿಲ್ಲ, ಗೊತ್ತಲ್ವಾ?"

"ಗೊತ್ತು ಮೇಡಂ."

"ಪೂರ್ತಿ ಟೆಂಡರ್ ರದ್ದು ಮಾಡ್ತೀನಿ. ನಿಮ್ದೂ ಇಲ್ಲ, ಅವ್ರದೂ ಇಲ್ಲ. ಮತ್ತೆ ಕರೆಯೋಕೆ ಇನ್ನೊಂದು ವರ್ಷಾನೇ ಆಗ್ಬಹುದು." ಅವರು ಅಣ್ಣನ ಕಡೆ ತಿರುಗಿದರು. "ನಿಮ್ಮನ್ನ ಇರಿ ಅಂತ ಒತ್ತಾಯ ಮಾಡಿದ್ದು ನಾನೇ. ಅದನ್ನೂ ಬರೀತೀನಿ." ಆಮೇಲೆ ಮತ್ತೆ ನನ್ನ ಕಡೆ. "ಒಂದೇ ಒಂದು ಕೇಳ್ತೀನಮ್ಮ. ಇವ್ರು ಎರಡು ಕಮ್ಮಿ ಹಾಕಿದ್ದಕ್ಕೆ ಇಷ್ಟೆಲ್ಲ ಆಯ್ತು. ಎರಡು ಜಾಸ್ತಿ ಹಾಕಿದ್ದಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

ಅಣ್ಣ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಬರ್ತಿದ್ದೆ ಎಂದು ನಾನು ಹೇಳಲಿ ಎಂಬ ಆಸೆ ಇತ್ತು.

"ಇಲ್ಲ ಮೇಡಂ" ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು.

ಕೆಳಗೆ ಬಂದಾಗ ಅಣ್ಣ ಸ್ಕೂಟರ್ ತೆಗೆದು, "ಹತ್ತು. ಬಿಡ್ತೀನಿ" ಎಂದ. ಹಿಂದೆ ಕೂತೆ. ಲಕೋಟೆ ನನ್ನ ಕೈಚೀಲದಲ್ಲೇ ಇತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅವನು ತಲೆ ಅರ್ಧ ತಿರುಗಿಸಿ ಕೇಳಿದ, "ದರ ಎಷ್ಟು ಬರ್ದಿದ್ರಿ ಅದ್ರಲ್ಲಿ?"

"ಹೇಳಲ್ಲ. ಮತ್ತೆ ಟೆಂಡರ್ ಕರೀತಾರೆ."

"ಹೌದಲ್ಲ. ಕೇಳ್ಬಾರದಾಗಿತ್ತು" ಎಂದು ಅವನು ಮುಂದೆ ತಿರುಗಿದ.

ಶೆಡ್ಡಿನ ರಸ್ತೆ ಬಂತು. ದೂರದಿಂದಲೇ ಗೇಟಿನ ಹತ್ತಿರ ಎಲ್ಲರೂ ನಿಂತಿರುವುದು ಕಂಡಿತು. ವೆಲ್ಡರಕ್ಕ, ಲೆಕ್ಕಪತ್ರದವನು, ಹಿಂದೆ ಧಣಿ. ಒಂದು ವರ್ಷ ಶೆಡ್ಡು ಉಳಿಯುತ್ತದೆಯೋ ಇಲ್ಲವೋ, ಅವರಿಗೆ ನಾನೇ ಹೇಳಬೇಕು. ಅಣ್ಣ ವೇಗ ಕಡಿಮೆ ಮಾಡಿದ.

"ಇಲ್ಲೇ ತಿರುವಲ್ಲಿ ಇಳಿಸ್ಲಾ? ನನ್ನ ಜೊತೆ ನೋಡಿದ್ರೆ ಏನಂದ್ಕೊಳ್ತಾರೋ."

ಹೂಂ ಎನ್ನಲು ಹೊರಟಿದ್ದೆ. ಅಷ್ಟು ಸಲೀಸಾಗಿ ಬಂದಿತ್ತು ಬಾಯಿಗೆ.

"ಬೇಡ" ಎಂದೆ. "ಗೇಟಿನ ಹತ್ರಾನೇ ನಿಲ್ಸು."